ಗಂಡುಮಕ್ಕಳ ನಡತೆ ಮತ್ತು ಶಾಲೆಯ ದಿನಚರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ಪುಟ ಇದು. ಪಾಲಕರ ಸಭೆಯಲ್ಲಿ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಕೇಳುವ ಪ್ರಶ್ನೆಗಳೂ ಇವೆ.

ಗಂಡುಮಕ್ಕಳ ಬಗ್ಗೆಯೇ ಯಾಕೆ? ಹೆಣ್ಣುಮಕ್ಕಳಿಗೆ ಒಳ್ಳೆಯ ಅಭ್ಯಾಸ ಬೇಡ್ವಾ?

ಬೇಕು. ಆದರೆ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಜಾಸ್ತಿ ಕಲಿಸುತ್ತೇವೆ, ಎಷ್ಟೋ ಸಲ ಅತಿಯಾಗಿ. ಎಂಟು ವರ್ಷದ ಹುಡುಗಿಯ ಕೈಗೆ ಪೊರಕೆ ಬಂದಿರುತ್ತದೆ. ಅವಳ ಅಣ್ಣ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾನೆ, ಅದನ್ನೂ ಅವಳೇ ಎತ್ತುತ್ತಾಳೆ. ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆ ಆರು ವರ್ಷ ಮೇಲ್ಪಟ್ಟ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ. ಅಂಥವರು ನೂರಕ್ಕೆ ಇಪ್ಪತ್ತಾರು ಜನ ಅಷ್ಟೇ ಇದ್ದರು.

ಹೀಗಾಗಿ ಹುಡುಗನೊಬ್ಬ ತನ್ನ ಕೆಲಸ ತಾನೇ ಮಾಡಿಕೊಂಡು, ಬೇರೆಯವರ ಕೆಲಸಕ್ಕೂ ಕೈಜೋಡಿಸುವ ಮೊದಲ ಜಾಗ ಎಷ್ಟೋ ಸಲ ಶಾಲೆಯೇ ಆಗಿರುತ್ತದೆ. ಮನೆಯಲ್ಲಿ ಸಿಗದ ಕೆಲಸ ಅವನಿಗೆ ಶಾಲೆಯಲ್ಲಾದರೂ ಸಿಗಬೇಕು. ಈ ಪುಟದಲ್ಲಿ ಹೇಳಿರುವುದಕ್ಕೆಲ್ಲ ಅದೇ ಬುಡ.

ನೀತಿಪಾಠ ಇದೆ, ದಿನಕ್ಕೊಂದು ನುಡಿಮುತ್ತು ಇದೆ. ಅಷ್ಟು ಸಾಲದಾ?

ಸಾಲುವುದಿಲ್ಲ. ಇದನ್ನು ಬಹಳ ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬ ಇಬ್ಬರು ಸುಮಾರು 11,000 ಮಕ್ಕಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಗಮನಿಸಿ 1928ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಯಲ್ಲಿ ಮೋಸ ಮಾಡುವ ಅವಕಾಶ, ಆಟದಲ್ಲಿ ಸುಳ್ಳು ಅಂಕ ಹೇಳುವ ಅವಕಾಶ, ದುಡ್ಡು ಇಟ್ಟುಕೊಳ್ಳುವ ಅವಕಾಶ, ಹೀಗೆ. ಒಂದು ಕಡೆ ನೇರವಾಗಿದ್ದ ಹುಡುಗ ಇನ್ನೊಂದು ಕಡೆ ಜಾರುತ್ತಿದ್ದ. ನೀತಿ ಬೋಧನೆ ಕೇಳಿದ ಮಕ್ಕಳು ಅದರಿಂದ ಹೆಚ್ಚು ಪ್ರಾಮಾಣಿಕರಾಗಿದ್ದು ಅಷ್ಟಾಗಿ ಕಾಣಲಿಲ್ಲ. ಆದರೆ ಒಂದೇ ತರಗತಿಯ ಮಕ್ಕಳ ನಡೆ ಮಾತ್ರ ಒಬ್ಬರದು ಇನ್ನೊಬ್ಬರಿಗೆ ಹೋಲುತ್ತಿತ್ತು.

ಅಂದರೆ ತರಗತಿಯಲ್ಲಿ ದಿನಾ ಏನು ನಡೆಯುತ್ತದೋ ಮಕ್ಕಳು ಅದನ್ನೇ ಹಿಡಿಯುತ್ತಾರೆ. ಬೋರ್ಡಿನ ಮೇಲೆ "ಸತ್ಯವನ್ನೇ ನುಡಿ" ಅಂತ ಬರೆದು, ಅದರ ಕೆಳಗೇ ಕಾಪಿ ಹೊಡೆಯಲು ಬಿಟ್ಟರೆ ಹುಡುಗ ಕಲಿಯುವುದು ಕಾಪಿಯನ್ನೇ. ನುಡಿಮುತ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಮಾಡಿ ನೋಡುವ ಜಾಗವೂ ಅದೇ ದಿನ ಸಿಗಬೇಕು.

ಹಾಗಾದರೆ ದಿನದಲ್ಲಿ ಯಾವ ಯಾವ ಅಭ್ಯಾಸ?

ಹೊಸದಾಗಿ ಏನೂ ತರಬೇಕಾಗಿಲ್ಲ. ಈಗಾಗಲೇ ಇರುವುದನ್ನು ಸರಿಯಾಗಿ ಮಾಡಿದರೆ ಸಾಕು.

ಪ್ರಾರ್ಥನೆಯನ್ನೇ ನೋಡಿ. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿತು. ಅಷ್ಟು ಹೊತ್ತು ಮುಂದಿನವನ ಬೆನ್ನಿಗೆ ಚುಚ್ಚದೆ, ಕಾಲು ಕೆರೆಯದೆ ನಿಲ್ಲುವುದು ಒಂಬತ್ತು ವರ್ಷದ ಹುಡುಗನಿಗೆ ಸಣ್ಣ ಕೆಲಸ ಅಲ್ಲ. ಮನಸ್ಸಿಗೆ ಬಂದದ್ದನ್ನು ತಕ್ಷಣ ಮಾಡದೆ ತಡೆದುಕೊಳ್ಳುವುದು ಅಲ್ಲೇ ಶುರು. ಸಾಲಿನಲ್ಲಿ ಪೇಪರ್ ಓದುವ ಸರದಿ ಬಂದಾಗ ಇಡೀ ಶಾಲೆಯ ಮುಂದೆ ನಿಂತು ತಪ್ಪು ಓದಿ, ತಿದ್ದಿಕೊಂಡು, ಮುಂದಕ್ಕೆ ಓದುವುದೂ ಅಂಥದ್ದೇ.

ಆಮೇಲೆ ಹಾಜರಿ. ಗೆಳೆಯನ ಬದಲು "ಎಸ್ ಸಾರ್" ಅನ್ನಬಾರದು. ಬೋರ್ಡ್ ಒರೆಸುವುದು, ಚಾಕ್‌ಪೀಸ್ ತರುವುದು, ಕೈತೋಟಕ್ಕೆ ನೀರು ಹಾಕುವುದು, ಬಾಗಿಲ ಹೊರಗೆ ಚಪ್ಪಲಿ ಜೋಡಿಸಿಡುವುದು, ಸಂಜೆ ಕಿಟಕಿ ಹಾಕಿ ಫ್ಯಾನ್ ಆರಿಸುವುದು. ಇವಕ್ಕೆಲ್ಲ ಸರದಿ ಇರಬೇಕು. ಯಾರ ಸರದಿ ಅಂತ ಗೋಡೆಯ ಮೇಲೆ ಬರೆದಿರಬೇಕು. ಚುರುಕಾಗಿರುವ ಒಬ್ಬನೇ ಹುಡುಗನಿಗೆ ಎಲ್ಲ ಕೆಲಸ ಹೇಳುವ ರೂಢಿ ನಮ್ಮಲ್ಲಿ ಇದೆ. ಅದರಿಂದ ಅವನಿಗೆ ಜಂಬ ಬರುತ್ತದೆ, ಉಳಿದವರು ಸುಮ್ನೆ ಕೂರುವುದನ್ನು ಕಲಿಯುತ್ತಾರೆ.

ಬಿಸಿಯೂಟದ ಹೊತ್ತಿನಲ್ಲಿ ಏನು ಕಲಿಸಬಹುದು?

ನನ್ನನ್ನು ಕೇಳಿದರೆ, ಇಡೀ ದಿನದಲ್ಲಿ ಅದಕ್ಕಿಂತ ದೊಡ್ಡ ಪಾಠದ ಹೊತ್ತು ಇನ್ನೊಂದಿಲ್ಲ.

ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶ ಮಾಡಿತು. ಮರುವರ್ಷ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಹಸಿವಿಗೆ ಅಂತ ಬಂದ ಯೋಜನೆ ಅದು. ಆದರೆ ಒಂದೇ ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳು ಕೂತು, ಒಂದೇ ಪಾತ್ರೆಯ ಅನ್ನ ಉಣ್ಣುವ ಜಾಗವೂ ಅದೇ ಆಯಿತು.

ಏಳನೇ ತರಗತಿಯ ಹುಡುಗನ ಕೈಗೆ ಸಾಂಬಾರಿನ ಬಕೆಟ್ಟು, ಸೌಟು ಕೊಡಿ. ಬಡಿಸುವುದನ್ನು ಪಕ್ಕದಲ್ಲಿ ನಿಂತು ಒಂದು ಸಲ ತೋರಿಸಿ. ಬಗ್ಗಬೇಕು, ಮೇಲಿನಿಂದ ಸುರಿಯಬಾರದು. ಸೌಟನ್ನು ತಳದಿಂದ ಎತ್ತಬೇಕು, ಇಲ್ಲದಿದ್ದರೆ ಮೊದಲ ಸಾಲಿಗೆ ಬರೀ ನೀರು, ಕೊನೆಯ ಸಾಲಿಗೆ ಬೇಳೆ. ಒಂದನೇ ತರಗತಿಯ ಪುಟ್ಟ ಮಗುವಿನ ಮುಂದೆ "ಸಾಕಾ?" ಅಂತ ಕೇಳಿ, ಅದು ತಲೆಯಾಡಿಸುವವರೆಗೆ ಕಾಯಬೇಕು. ಗೆಳೆಯನ ತಟ್ಟೆಗೆ ಎರಡು ಸೌಟು, ಆಗದವನಿಗೆ ಅರ್ಧ, ಅದು ನಡೆಯಬಾರದು. ಬಡಿಸಿದವನು ಕೊನೆಗೆ ಉಣ್ಣುತ್ತಾನೆ. ಮೊದಲ ದಿನ ಹುಡುಗರು ಬಕೆಟ್ಟು ಹಿಡಿದು ಓಡುತ್ತಾರೆ, ಸಾಂಬಾರು ಚೆಲ್ಲುತ್ತಾರೆ, ನಗುತ್ತಾರೆ. ಕೆಲವು ವಾರ ಕಳೆಯಲಿ. ಕೊನೆಯ ಸಾಲಿಗೆ ಸಾಲುತ್ತದಾ ಅಂತ ಬಕೆಟ್ಟಿನೊಳಗೆ ನೋಡಿಕೊಂಡು ಬಡಿಸಲು ತಾವೇ ಶುರು ಮಾಡುತ್ತಾರೆ. ಇನ್ನೊಬ್ಬರ ಹೊಟ್ಟೆಯ ಲೆಕ್ಕ ತಲೆಗೆ ಬಂತು ಅಂದರೆ ಅದೇ ನಡತೆ.

ತಟ್ಟೆ ತೊಳೆಯುವುದು ಅವರವರದೇ ಕೆಲಸ. ಬದಿಗೆ ಅಂಟಿದ ಅಗುಳು ಹೋಗುವ ಹಾಗೆ ಉಜ್ಜಬೇಕು. ತಂಗಿ ಅದೇ ಶಾಲೆಯಲ್ಲಿದ್ದರೆ ಅವಳ ಕೈಗೆ ತನ್ನ ತಟ್ಟೆ ಕೊಟ್ಟು ಆಟಕ್ಕೆ ಓಡುವ ಹುಡುಗರಿದ್ದಾರೆ. ಶಿಕ್ಷಕರು ಅದನ್ನು ಕಂಡೂ ಕಾಣದ ಹಾಗೆ ಬಿಡಬಾರದು. ಅಡುಗೆ ಮಾಡುವ ಅಮ್ಮಂದಿರನ್ನು "ಏಯ್" ಅನ್ನಬಾರದು. ಅವರು ಅಕ್ಕ, ಅಮ್ಮ, ಅಜ್ಜಿ, ಆಯಾ ಊರಿನಲ್ಲಿ ಹೇಗೋ ಹಾಗೆ.

ಇನ್ನೊಂದು ವಿಷಯ. ಈಗ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಎರಡೂ ಕಡೆಯಿಂದ ಕೀಟಲೆ ಬರುತ್ತದೆ. "ಥೂ" ಅನ್ನುವುದನ್ನೂ, ಮೊಟ್ಟೆ ಹಿಡಿದು ಮುಖದ ಹತ್ತಿರ ತರುವುದನ್ನೂ ಮೊದಲ ದಿನವೇ ನಿಲ್ಲಿಸಬೇಕು. ಇನ್ನೊಬ್ಬರ ತಟ್ಟೆಯನ್ನು ಆಡಿಕೊಳ್ಳಬಾರದು ಅನ್ನುವುದು ಹುಡುಗನಿಗೆ ಹತ್ತನೇ ವಯಸ್ಸಿನಲ್ಲಿ ಬಂದರೆ ಜೀವನಪೂರ್ತಿ ಉಳಿಯುತ್ತದೆ.

"ನಮ್ಮ ಮಗ ಶಾಲೆಗೆ ಬರೋದು ಕಸ ಗುಡಿಸೋಕಾ?" ಅಂತ ಪಾಲಕರು ಬೈದರೆ?

ಆ ಸಿಟ್ಟಿನಲ್ಲಿ ಎರಡು ಬಗೆ ಇದೆ. ಬೇರೆ ಬೇರೆಯಾಗಿಯೇ ನೋಡಬೇಕು.

ಕೆಲವು ಪಾಲಕರ ಸಿಟ್ಟು ನ್ಯಾಯವಾದದ್ದು. ದಲಿತ ಮಕ್ಕಳ ಕೈಗೆ ಮಾತ್ರ ಪೊರಕೆ ಕೊಟ್ಟ ಶಾಲೆಗಳು ಇದ್ದವು, ಆ ನೋವು ತಲೆಮಾರುಗಳದ್ದು. ಆದ್ದರಿಂದ ಸರದಿಯನ್ನು ಹಾಜರಿ ಪುಸ್ತಕದ ಕ್ರಮಸಂಖ್ಯೆ ಪ್ರಕಾರವೇ ಹಾಕಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಮಗ, ಮೇಷ್ಟ್ರ ಮಗ, ಮಾನಿಟರ್, ಯಾರಿಗೂ ವಿನಾಯಿತಿ ಬೇಡ. ಹುಡುಗಿಯರಿಗೆ ಗುಡಿಸುವುದು, ಹುಡುಗರಿಗೆ ಬೆಂಚು ಎತ್ತುವುದು ಅಂತಲೂ ಹಂಚಬೇಡಿ. ಶೌಚಾಲಯ, ಚರಂಡಿ, ಗುಂಡಿ ಮಕ್ಕಳ ಕೆಲಸ ಅಲ್ಲವೇ ಅಲ್ಲ. ಅದನ್ನು ಮಾಡಿಸಲು ಸರ್ಕಾರವೂ ಬಿಡುವುದಿಲ್ಲ. ಮಕ್ಕಳು ಮಾಡಬೇಕಾದದ್ದು ತಾವು ಕೂರುವ ಕೊಠಡಿ, ತಾವು ಉಣ್ಣುವ ಜಾಗ, ಅಷ್ಟೇ. ಹತ್ತು ನಿಮಿಷದ್ದು. ಪಾಠದ ಅವಧಿಯಲ್ಲಿ ಅಲ್ಲ.

ಇನ್ನು ಕೆಲವರ ಸಿಟ್ಟು, "ಗಂಡು ಹುಡುಗ ಪೊರಕೆ ಹಿಡಿಯೋದಾ?" ಅನ್ನುವುದು. ಅದಕ್ಕೆ ಮಣಿಯಬೇಕಿಲ್ಲ. ಅವರನ್ನು ಒಂದು ದಿನ ಶಾಲೆಗೆ ಕರೆಯಿರಿ. ಮೇಷ್ಟ್ರೂ ಪೊರಕೆ ಹಿಡಿದಿರುವುದು ಕಂಡರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ. 1910ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಹತ್ತಿರ ಟಾಲ್‌ಸ್ಟಾಯ್ ಫಾರ್ಮ್ ಶುರು ಮಾಡಿದಾಗ ಅಲ್ಲಿ ಒಂದು ನಿಯಮ ಇತ್ತು. ಶಿಕ್ಷಕರು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳುವಂತಿಲ್ಲ. ಯಾವುದೇ ಕೆಲಸ ಹೇಳಿದರೂ ಒಬ್ಬ ಶಿಕ್ಷಕ ಜೊತೆಗೆ ನಿಂತು ಮಾಡಬೇಕು. ಕುರ್ಚಿಯಲ್ಲಿ ಕೂತು ಬೆರಳು ತೋರಿಸಿದರೆ ಹುಡುಗರು ಕೆಲಸ ಮಾಡುವುದನ್ನಲ್ಲ, ಬೆರಳು ತೋರಿಸುವುದನ್ನೇ ಕಲಿಯುತ್ತಾರೆ.

ತಪ್ಪು ಮಾಡಿದ ಹುಡುಗನಿಗೆ ಕಸ ಗುಡಿಸುವ ಶಿಕ್ಷೆ ಕೊಡಬಹುದಾ?

ದಯವಿಟ್ಟು ಬೇಡ. ಇಲ್ಲಿಯವರೆಗೆ ಕಟ್ಟಿದ್ದೆಲ್ಲ ಅದೊಂದರಿಂದಲೇ ಹಾಳಾಗುತ್ತದೆ. ಗುಡಿಸುವುದು ಶಿಕ್ಷೆ ಅಂತಾದರೆ, ಮನೆಯಲ್ಲಿ ಗುಡಿಸುವ ಅಮ್ಮ ದಿನಾ ಶಿಕ್ಷೆ ಅನುಭವಿಸುತ್ತಿದ್ದಾಳಾ?

ಏಟು ಕೊಡದೆ ಗಂಡು ಹುಡುಗರನ್ನು ಹಿಡಿತದಲ್ಲಿ ಇಡೋಕೆ ಆಗುತ್ತಾ?

ಮೊದಲು ಕಾನೂನು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಮಾಡುವಂತಿಲ್ಲ. "ಎರಡು ಬಿಗೀರಿ ಸಾರ್, ನಾವು ಏನೂ ಅನ್ನಲ್ಲ" ಅಂತ ಅಪ್ಪನೇ ಬಂದು ಹೇಳಿದರೂ ಇಲ್ಲ.

ಇನ್ನು ಹಿಡಿತದ ಮಾತು. ಏಟಿನ ಭಯಕ್ಕೆ ಸುಮ್ಮನಿರುವ ಹುಡುಗ ಕೋಲು ಕಾಣದಿದ್ದಾಗ ಸುಮ್ಮನಿರುವುದಿಲ್ಲ. ಜೊತೆಗೆ, ದೊಡ್ಡವನು ಚಿಕ್ಕವನಿಗೆ ಹೊಡೆಯಬಹುದು ಅನ್ನುವುದನ್ನೂ ಕಲಿತಿರುತ್ತಾನೆ. ಅದನ್ನು ತನಗಿಂತ ಚಿಕ್ಕವರ ಮೇಲೆ ಆಟದ ಮೈದಾನದಲ್ಲೇ ತೋರಿಸುತ್ತಾನೆ.

ಬದಲು ಏನು ಮಾಡಬೇಕು? ಕೆಡಿಸಿದ್ದನ್ನು ಸರಿಮಾಡಿಸಬೇಕು. ಗೆಳೆಯನ ನೋಟ್‌ಬುಕ್ ಹರಿದವನು ಆ ಪುಟಗಳನ್ನು ಬರೆದುಕೊಡಲಿ. ಗಿಡ ಮುರಿದವನು ಇನ್ನೊಂದು ನೆಟ್ಟು ಬೇಸಿಗೆ ಮುಗಿಯುವವರೆಗೆ ನೀರು ಹಾಕಲಿ. ಬೈದವನು ಕ್ಷಮೆ ಕೇಳಲಿ, ಆದರೆ ಇಡೀ ತರಗತಿಯ ಮುಂದೆ ನಿಲ್ಲಿಸಿ ಬಾಯಿಂದ "ಸಾರಿ" ಹೊರಡಿಸುವುದರಲ್ಲಿ ಅರ್ಥ ಇಲ್ಲ. ಇಬ್ಬರನ್ನೂ ಪಕ್ಕಕ್ಕೆ ಕರೆದು, ಮೊದಲು ನೋವಾದವನ ಮಾತು ಕೇಳಬೇಕು. ಅವನು ಹೇಳಿ ಮುಗಿಸುವವರೆಗೆ ಇನ್ನೊಬ್ಬ ಬಾಯಿ ಹಾಕಬಾರದು. ಇದಕ್ಕೆ ಹೊತ್ತು ಹಿಡಿಯುತ್ತದೆ ನಿಜ. ಐದು ತರಗತಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದು ಕಷ್ಟ ಅಂತಲೂ ಗೊತ್ತು. ಅಂಥ ಕಡೆ ಊಟದ ನಂತರದ ಹತ್ತು ನಿಮಿಷವನ್ನು ಇದಕ್ಕೆ ಅಂತ ಇಟ್ಟುಕೊಂಡರೆ ನಡೆಯುತ್ತದೆ.

ಪ್ರಾಮಾಣಿಕತೆಯನ್ನು ಹೇಗೆ ಅಭ್ಯಾಸ ಮಾಡಿಸುವುದು?

ಕೆಲವು ಶಾಲೆಗಳಲ್ಲಿ ಮಾರುವವರಿಲ್ಲದ ಅಂಗಡಿ ಇಡುತ್ತಾರೆ. ವರಾಂಡದಲ್ಲಿ ಒಂದು ಮೇಜು. ಅದರ ಮೇಲೆ ಪೆನ್ನು, ಪೆನ್ಸಿಲು, ರಬ್ಬರು, ಇನ್ನೂರು ಪುಟದ ನೋಟ್‌ಬುಕ್ಕು. ಪಕ್ಕದಲ್ಲಿ ಬೆಲೆಪಟ್ಟಿ, ದುಡ್ಡಿಗೆ ಒಂದು ಡಬ್ಬಿ. ಬೇಕಾದ್ದನ್ನು ತೆಗೆದುಕೊಂಡು, ದುಡ್ಡು ಹಾಕಿ, ಚಿಲ್ಲರೆ ಎತ್ತಿಕೊಂಡು ಹೋಗಬೇಕು. ಕಾಯುವವರು ಯಾರೂ ಇಲ್ಲ. ಸಂಜೆ ಇಬ್ಬರು ಮಕ್ಕಳು ಲೆಕ್ಕ ಹಾಕಿ ಬೋರ್ಡಿನ ಮೇಲೆ ಬರೆಯುತ್ತಾರೆ. ಇಷ್ಟು ಮಾರಾಟ, ಇಷ್ಟು ದುಡ್ಡು.

ಲೆಕ್ಕದಲ್ಲಿ ಕಡಿಮೆ ಬಂದ ದಿನವೇ ಇಲ್ಲಿ ಮುಖ್ಯ. ಆ ದಿನ "ಯಾರು ಕದ್ದಿದ್ದು?" ಅಂತ ಬ್ಯಾಗು ಹುಡುಕಿದರೆ ಅಂಗಡಿ ಸತ್ತ ಹಾಗೆ. ಹತ್ತು ರೂಪಾಯಿ ಕಡಿಮೆ ಅಂತ ಬರೆದು ಸುಮ್ಮನಾಗಬೇಕು. ದುಡ್ಡಿಲ್ಲದೆ ಪೆನ್ನು ತೆಗೆದುಕೊಂಡ ಹುಡುಗ ಇರಬಹುದು. ಅವನಿಗಾಗಿ ಪಕ್ಕದಲ್ಲಿ ಸಾಲದ ಚೀಟಿ ಹಾಕುವ ಇನ್ನೊಂದು ಡಬ್ಬಿ ಇಡಿ. ಹೆಸರು ಬರೆದು ಹಾಕಲಿ, ಆದಾಗ ಕೊಡಲಿ. ಬಡತನಕ್ಕೂ ಕಳ್ಳತನಕ್ಕೂ ನಡುವೆ ಒಂದು ದಾರಿ ಬಿಟ್ಟರೆ ಮಕ್ಕಳು ಆ ದಾರಿಯಲ್ಲೇ ನಡೆಯುತ್ತಾರೆ.

ಆಟದಿಂದ ನಡತೆ ಬರುತ್ತದೆ ಅಂತಾರಲ್ಲ, ಹೌದಾ?

ತಾನಾಗಿ ಬರುವುದಿಲ್ಲ. ಗೆದ್ದರೆ ಸಾಕು ಅನ್ನುವ ಕಡೆ ಆಟ ಜಗಳವನ್ನೂ ಕಲಿಸುತ್ತದೆ.

ಕಬಡ್ಡಿ ತೆಗೆದುಕೊಳ್ಳಿ. ರೈಡರ್‌ನ ಬೆರಳ ತುದಿ ತಾಗಿತೋ ಇಲ್ಲವೋ ಅನ್ನುವುದು ರೆಫರಿಗೆ ಎಷ್ಟೋ ಸಲ ಕಾಣುವುದಿಲ್ಲ. ತಾಗಿಸಿಕೊಂಡವನಿಗೆ ಗೊತ್ತಿರುತ್ತದೆ. ಅವನೇ ಕೈ ಎತ್ತಿ ಹೊರಗೆ ನಡೆದರೆ, ಆ ಕ್ಷಣವನ್ನು ಪಿಟಿ ಮೇಷ್ಟ್ರು ಗುರುತಿಸಿ ಹೇಳಬೇಕು. ಪಾಯಿಂಟ್ ಹೊಡೆದವನಿಗೆ ಸಿಗುವ ಚಪ್ಪಾಳೆ ಇವನಿಗೂ ಸಿಗಬೇಕು. ಖೋಖೋದಲ್ಲಿ ನಿಧಾನ ಓಡುವ ಹುಡುಗನನ್ನು "ಇವನು ಬೇಡ ಸಾರ್" ಅಂತ ತಳ್ಳುವುದನ್ನು ತಪ್ಪಿಸಲು, ತಂಡವನ್ನು ನಾಯಕರು ಆರಿಸುವ ಬದಲು ಚೀಟಿ ಎತ್ತಿ ಮಾಡುವುದು ಒಳ್ಳೆಯದು.

ಗಂಡು ಹುಡುಗ ಅತ್ತರೆ ಏನು ಹೇಳಬೇಕು?

"ಹುಡುಗೀರ ಥರ ಅಳಬೇಡ" ಅಂತ ಮಾತ್ರ ಹೇಳಬೇಡಿ. ಒಂದೇ ಮಾತಿನಲ್ಲಿ ಅವನಿಗೂ ಅವಮಾನ, ಹುಡುಗಿಯರಿಗೂ ಅವಮಾನ. ಅಳಲಿ, ಮುಖ ತೊಳೆದು ಬರಲಿ, ಆಮೇಲೆ ಏನಾಯ್ತು ಅಂತ ಹೇಳಲಿ. ಅಳುವುದಕ್ಕೆ ಬಿಡದ ಹುಡುಗನಿಗೆ ಉಳಿಯುವುದು ಸಿಟ್ಟು ಒಂದೇ.

ಹುಡುಗಿಯರ ಜೊತೆ ನಡೆದುಕೊಳ್ಳುವುದನ್ನು ಹೇಗೆ ಕಲಿಸುವುದು?

ದಿನದ ಸಣ್ಣ ವಿಷಯಗಳಲ್ಲಿ. ಹೆಸರು ಹಿಡಿದು ಕರೆಯಬೇಕು, ಅಡ್ಡಹೆಸರಿಟ್ಟಲ್ಲ. ಮಾನಿಟರ್ ಹುಡುಗಿಯಾದರೆ ಅವಳ ಮಾತಿಗೂ ಬೆಲೆ ಕೊಡಬೇಕು. ಶಾಲಾ ಸಂಸತ್ತಿನಲ್ಲಿ ಪ್ರಧಾನಿ ಹುಡುಗ, ಸಾಂಸ್ಕೃತಿಕ ಮಂತ್ರಿ ಹುಡುಗಿ ಅನ್ನುವ ಲೆಕ್ಕ ಬೇಡ.

ಶಾಲಾ ವಾರ್ಷಿಕೋತ್ಸವ ಬಂತು ಅನ್ನಿ. ಹುಡುಗಿಯರು ರಂಗೋಲಿ ಹಾಕಿ, ಸೀರೆ ಉಟ್ಟು, ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಹುಡುಗರು ಮೈಕ್ ಸೆಟ್ಟಿನ ಹತ್ತಿರ. ಒಂದು ವರ್ಷ ಅದಲು ಬದಲು ಮಾಡಿ ನೋಡಿ. ಅತಿಥಿಗಳಿಗೆ ಹುಡುಗರು ಹೂವು, ನೀರು ಕೊಡಲಿ, ಟೀ ಲೋಟ ಎತ್ತಲಿ. ಮೈಕ್ ಹುಡುಗಿಯರು ನೋಡಿಕೊಳ್ಳಲಿ. ನಮ್ಮ ಸುತ್ತಲಿನ ಶಾಲೆಗಳಲ್ಲಿ ಇದಕ್ಕೆ ಮೊದಲು ತಕರಾರು ಬರುವುದು ಮಕ್ಕಳಿಂದಲ್ಲ, ದೊಡ್ಡವರಿಂದ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತಾರೆ. ನಿಜವಾ?

ಇಲ್ಲ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ತನ್ನ ರೋಗಿಗಳಿಗೆ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ 21 ದಿನ ಬೇಕು ಅಂತ ಬರೆದ. ಅದು ಬಾಯಿಂದ ಬಾಯಿಗೆ ಹೋಗಿ ಹೀಗಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಅದರಲ್ಲಿ ಸರಾಸರಿ ಬಂದಿದ್ದು 66 ದಿನ. ಕೆಲವರಿಗೆ 18, ಕೆಲವರಿಗೆ 254. ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ಹಿಡಿಯಿತು, ವ್ಯಾಯಾಮ ತಡವಾಯಿತು. ಅವರೆಲ್ಲ ದೊಡ್ಡವರು, ಮಕ್ಕಳಲ್ಲ. ಆದರೂ ಜೂನ್‌ನಲ್ಲಿ ಶುರು ಮಾಡಿ ಜುಲೈಯಲ್ಲಿ "ಈ ಹುಡುಗರಿಗೆ ಹೇಳಿ ಪ್ರಯೋಜನ ಇಲ್ಲ" ಅನ್ನುವವರು ಆ ಸಂಖ್ಯೆ ನೆನಪಿಟ್ಟುಕೊಂಡರೆ ಒಳ್ಳೆಯದು. ದಸರಾ ರಜೆಯವರೆಗೆ ಕಾಯಿರಿ. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಕೆಡಲಿಲ್ಲ ಅನ್ನುವುದು ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ವಿಷಯ.

ಒಳ್ಳೆಯ ನಡತೆಗೆ ಬಹುಮಾನ, ಸ್ಟಾರ್ ಕೊಡಬಹುದಾ?

ಹುಷಾರಾಗಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಚಿತ್ರ ಬಿಡಿಸಿದರೆ ಬಹುಮಾನ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಆದ್ದರಿಂದ ಮಾಡಿದ್ದನ್ನು ನೋಡಿ, ಏನು ಮಾಡಿದ ಅಂತಲೇ ಹೇಳಿ. "ಗುಡ್ ಬಾಯ್" ಅನ್ನುವುದಕ್ಕಿಂತ "ಕೊನೆಯ ಸಾಲಿಗೂ ಬೇಳೆ ಸಿಗೋ ಹಾಗೆ ಬಡಿಸಿದೆಯಲ್ಲ, ನೋಡಿದೆ" ಅನ್ನುವುದು ಹುಡುಗನ ಮನಸ್ಸಿನಲ್ಲಿ ಉಳಿಯುತ್ತದೆ.

ಮನೆಯಲ್ಲಿ ನಾವು ಏನು ಮಾಡಬೇಕು?

ತಟ್ಟೆ ಅವನೇ ಎತ್ತಲಿ. ಸಾಕ್ಸು, ಕರವಸ್ತ್ರ ಅವನೇ ಒಗೆಯಲಿ. ಬ್ಯಾಗನ್ನು ರಾತ್ರಿಯೇ ಅವನು ಜೋಡಿಸಿಕೊಳ್ಳಲಿ. ಮರೆತರೆ ಓಡಿಹೋಗಿ ಶಾಲೆಗೆ ತಲುಪಿಸಬೇಡಿ. ಅಪ್ಪಂದಿರಿಗೆ ಒಂದು ಮಾತು: ನೀವು ಉಂಡ ತಟ್ಟೆಯನ್ನು ನೀವು ಎತ್ತುವ ದಿನ ಮಗನಿಗೆ ಹೇಳಬೇಕಾದ ಅರ್ಧ ಮಾತು ಹೇಳದೆಯೇ ಮುಗಿಯುತ್ತದೆ. ಅಜ್ಜಿಯರು "ಅಯ್ಯೋ ಬಿಡೋ, ನಾನು ಎತ್ತೀನಿ" ಅನ್ನುತ್ತಾರೆ. ಅವರ ಪ್ರೀತಿ ಅದು. ಆದರೂ ತಡೆಯಬೇಕು.

ಖಾಸಗಿ ಶಾಲೆಯಲ್ಲಿ ಆಯಾ, ಹೌಸ್‌ಕೀಪಿಂಗ್ ಎಲ್ಲ ಇರುತ್ತಾರೆ. ಅಲ್ಲಿ?

ಅಲ್ಲಿ ಇನ್ನೂ ಬೇಕು. ಫೀಸು ಕಟ್ಟಿದ್ದೇವೆ, ಬೇರೆಯವರು ಮಾಡುತ್ತಾರೆ ಅನ್ನುವುದು ಹುಡುಗನ ತಲೆಗೆ ಬೇಗ ಹೋಗುತ್ತದೆ. ಡಬ್ಬಿ ಊಟ ಮುಗಿದ ಮೇಲೆ ತನ್ನ ಡೆಸ್ಕ್ ತಾನೇ ಒರೆಸುವುದು, ಆಯಮ್ಮನ ಹೆಸರು ತಿಳಿದಿರುವುದು, ಬಸ್ ಇಳಿಯುವಾಗ ಡ್ರೈವರ್ ಅಂಕಲ್‌ಗೆ ಮುಖ ನೋಡಿ ಮಾತಾಡಿಸುವುದು. ಇಷ್ಟರಿಂದ ಶುರು ಮಾಡಬಹುದು.

ಚೆನ್ನಾಗಿದ್ದ ಹುಡುಗ ಇದ್ದಕ್ಕಿದ್ದಂತೆ ಒರಟಾದರೆ?

ಅದನ್ನು ನಡತೆಯ ತಪ್ಪು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಮನೆಯಲ್ಲಿ ಕುಡಿತ, ಜಗಳ, ಸಾಲ ಇರಬಹುದು. ಯಾರೋ ಅವನಿಗೆ ಹಿಂಸೆ ಕೊಡುತ್ತಿರಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವನು ನಂಬುವ ಒಬ್ಬ ದೊಡ್ಡವರು ಒಂಟಿಯಾಗಿ ಕೂರಿಸಿಕೊಂಡು ಕೇಳಲಿ. ಸಹಾಯ ಬೇಕಾದರೆ ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಉಚಿತ.

ಮೇಷ್ಟ್ರಿಗೆ ವರ್ಗಾವಣೆ ಆದರೆ ಎಲ್ಲ ನಿಂತುಹೋಗುತ್ತಲ್ಲ?

ಹೋಗುತ್ತದೆ, ಮೇಷ್ಟ್ರೊಬ್ಬರೇ ಹೊತ್ತಿದ್ದರೆ. ಅದಕ್ಕೇ ಆರನೇ ತರಗತಿಯವರಿಗೆ ಬಡಿಸುವುದನ್ನು ಏಳನೆಯವರೇ ಕಲಿಸಲಿ. ಅಂಗಡಿಯ ಲೆಕ್ಕದ ಪುಸ್ತಕ ಮಕ್ಕಳ ಕೈಯಲ್ಲೇ ಇರಲಿ. ಸರದಿ ಪಟ್ಟಿ ಹೇಗೆ ಹಾಕುತ್ತೇವೆ ಅನ್ನುವುದನ್ನು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಿಡಿ. ಹೊಸಬರು ಬಂದ ದಿನ ಅದನ್ನು ಅವರ ಮುಂದೆ ಇಡಲು ಒಬ್ಬ ಪಾಲಕರಿಗೆ ಹೇಳಿಡಿ. ಶಿಕ್ಷಕರು ತಾವೂ ಪೊರಕೆ ಹಿಡಿಯುವ ನಿಯಮವನ್ನು ಅದರಲ್ಲಿ ಮೊದಲನೆಯದಾಗಿ ಬರೆಸಿ.